ವಿಮಾನ ಬಂತು, ವಿಶ್ವವಿದ್ಯಾಲಯ ಇನ್ನೂ ಬಂದಿಲ್ಲ

ಬೀದರ್ ಜನರಿಗೆ ಹಾಕ್ ತರಬೇತಿ ವಿಮಾನದ ಸದ್ದು ಹೊಸದಲ್ಲ. ಫೈಟರ್ ಪೈಲಟ್ ಆಗುವವರು ಇಲ್ಲಿನ ವಾಯುಪಡೆ ನೆಲೆಯಲ್ಲೇ ಪಳಗುತ್ತಾರೆ. ಆದರೆ ಏಷ್ಯಾದ ಪ್ರಯೋಗಾಲಯ, ಕಾರ್ಖಾನೆಗಳಲ್ಲಿ ಏನು ನಡೆದಿದೆ ಎಂಬುದನ್ನು ಸೇನಾಧಿಕಾರಿಗಳು ಎಲ್ಲಿ, ಯಾವಾಗ ಕಲಿಯುತ್ತಾರೆ?

1960ರಲ್ಲಿ ದೆಹಲಿಯಲ್ಲಿ ಹಿರಿಯ ಅಧಿಕಾರಿಗಳಿಗಾಗಿ ನ್ಯಾಷನಲ್ ಡಿಫೆನ್ಸ್ ಕಾಲೇಜು ಶುರುವಾಯಿತು. 1962ರ ಯುದ್ಧ, 1964ರ ಚೀನಾ ಅಣುಪರೀಕ್ಷೆ, 1965ರಲ್ಲಿ ರಕ್ಷಣಾ ಅಧ್ಯಯನ ಸಂಸ್ಥೆ. 1967ರಲ್ಲಿ ರಕ್ಷಣಾ ವಿಶ್ವವಿದ್ಯಾಲಯದ ಪ್ರಸ್ತಾವ ಬಂತು. ಮುಂದೆ 1999ರ ಕಾರ್ಗಿಲ್ ಯುದ್ಧ ಆಗುವವರೆಗೂ ಅದಕ್ಕೆ ಜೀವ ಬರಲಿಲ್ಲ.

ತರಬೇತಿ ವಿಮಾನದ ಕಥೆಯೂ ಇಂಥದ್ದೇ. ನಿಧಾನದ ತರಬೇತಿ ಜೆಟ್ ಕಿರಣ್‌ನಲ್ಲಿ ಕಲಿತವರು ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟುವ ಮಿಗ್-21ಕ್ಕೆ ಹಾರಬೇಕಿತ್ತು. ಈ ಅಂತರ ತುಂಬಲು ಸುಧಾರಿತ ಜೆಟ್ ತರಬೇತಿ ವಿಮಾನ ಬೇಕೆಂದು ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತು. 66 ಹಾಕ್‌ಗಳ ಒಪ್ಪಂದವಾದದ್ದು 2004ರಲ್ಲಿ, ಬೀದರ್‌ನಲ್ಲಿ ಸೇರ್ಪಡೆಯಾದದ್ದು 2008ರ ಫೆಬ್ರವರಿಯಲ್ಲಿ. ಹಾಕ್‌ನಲ್ಲಿ ಕಲಿಯುವವರು ಮುಂದೆ ಕೂರುತ್ತಾರೆ. ಹಿಂದಿನ ಆಸನ ಎತ್ತರದಲ್ಲಿರುವುದರಿಂದ ಶಿಕ್ಷಕರಿಗೆ ಅವರ ತಲೆಯ ಮೇಲಿಂದ ರನ್‌ವೇ ಕಾಣುತ್ತದೆ. ತಪ್ಪಾದರೆ ಆ ಕ್ಷಣವೇ ತಿದ್ದಬಹುದು. ಮಿಗ್-21 ಅಪಘಾತಗಳು ಎಲ್ಲರ ಕಣ್ಣಿಗೆ ಬೀಳುತ್ತಿದ್ದಾಗಲೂ ಇಷ್ಟು ತಡವಾಯಿತು. ಅರಿವಿನ ಕೊರತೆಯಾದರೋ ಯಾವ ಲೆಕ್ಕಪುಸ್ತಕದಲ್ಲೂ ಕಾಣುವುದಿಲ್ಲ.

ಗ್ಯಾಲಿಯಂ ಎಂಬ ಲೋಹದ ವಿಷಯವನ್ನೇ ನೋಡಿ. ಆ್ಯಂಟೆನಾ ತಿರುಗಿಸದೆಯೇ ವಿದ್ಯುನ್ಮಾನವಾಗಿ ದಿಕ್ಕು ಬದಲಿಸುವ ಇಂದಿನ ಎಇಎಸ್‌ಎ ರೇಡಾರ್‌ನಲ್ಲಿ ನೂರಾರು ಪುಟ್ಟ ಮಾಡ್ಯೂಲ್‌ಗಳಿರುತ್ತವೆ. ಅವುಗಳ ಚಿಪ್‌ಗೆ ಗ್ಯಾಲಿಯಂ ಆರ್ಸೆನೈಡ್ ಅಥವಾ ಗ್ಯಾಲಿಯಂ ನೈಟ್ರೈಡ್ ಬೇಕು. ಗ್ಯಾಲಿಯಂಗೆಂದೇ ಗಣಿ ತೋಡುವುದಿಲ್ಲ. ಬಾಕ್ಸೈಟ್‌ನಿಂದ ಅಲ್ಯೂಮಿನಾ ತೆಗೆಯುವಾಗಿನ ದ್ರಾವಣದಿಂದ ಅದನ್ನು ಬೇರ್ಪಡಿಸುತ್ತಾರೆ. ಜಗತ್ತಿನ ಉತ್ಪಾದನೆಯಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಚೀನಾದ್ದು. 2023ರ ಆಗಸ್ಟ್ 1ರಿಂದ ರಫ್ತಿಗೆ ಪರವಾನಗಿ ಕಡ್ಡಾಯವಾಗಿದೆ. ರೇಡಾರ್ ಎಷ್ಟು ದೂರ ನೋಡುತ್ತದೆ ಎಂಬುದನ್ನಷ್ಟೇ ಕಲಿತ ಅಧಿಕಾರಿ ಖರೀದಿ ಸಮಿತಿಯಲ್ಲಿ ಕೂತರೆ ಬೆಲೆ, ತೂಕ, ವ್ಯಾಪ್ತಿ ಕೇಳಬಹುದು. ಚಿಪ್ ಎಲ್ಲಿಯದು, ಪೂರೈಕೆ ನಿಂತರೆ ಎಷ್ಟು ತಿಂಗಳ ದಾಸ್ತಾನಿದೆ ಎಂಬ ಪ್ರಶ್ನೆ ಹೊಳೆಯಬೇಕಾದರೆ ಈ ಸರಪಳಿಯನ್ನು ಬುಡದಿಂದ ತುದಿಯವರೆಗೆ ಓದಿರಬೇಕು.

ಈಗಿನ ಏರ್ಪಾಟಿನಲ್ಲಿ ಮೇಜರ್ ಹಂತದವರು ತಮಿಳುನಾಡಿನ ವೆಲಿಂಗ್ಟನ್ ಸ್ಟಾಫ್ ಕಾಲೇಜಿಗೆ, ಬ್ರಿಗೇಡಿಯರ್ ಹಂತದವರು ದೆಹಲಿಯ ನ್ಯಾಷನಲ್ ಡಿಫೆನ್ಸ್ ಕಾಲೇಜಿನ 47 ವಾರಗಳ ಕೋರ್ಸಿಗೆ ಹೋಗುತ್ತಾರೆ. ದೇಶದೇಶಗಳ ಭದ್ರತೆಯನ್ನು ವಿಸ್ತಾರವಾಗಿ ಓದಲು ಬಿಡುವು ಸಿಗುವುದು ಈ ಎರಡನೆಯದರಲ್ಲಿ. ಅಷ್ಟರಲ್ಲಿ ಸೇವೆಯ ಬಹುಪಾಲು ಮುಗಿದಿರುತ್ತದೆ. ಆಯ್ಕೆಯಾಗುವವರೂ ಕೆಲವರೇ. ಬೀದರ್ ಹಂತದಲ್ಲೇ ವಾರಕ್ಕೆರಡು ತಾಸು ಇದಕ್ಕೆ ಮೀಸಲಿಟ್ಟರೆ ಹಾರಾಟದ ಪಾಠಕ್ಕೆ ಧಕ್ಕೆಯಾಗದು.

ಕಾರ್ಗಿಲ್ ನಂತರ ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ ಅವರ ಸಮಿತಿ ವಿಶ್ವವಿದ್ಯಾಲಯದ ಪ್ರಸ್ತಾವಕ್ಕೆ ಮರುಜೀವ ಕೊಟ್ಟಿತು. 2010ರಲ್ಲಿ ಸಂಪುಟದ ತಾತ್ವಿಕ ಒಪ್ಪಿಗೆ, 2013ರ ಮೇನಲ್ಲಿ ಹರಿಯಾಣದ ಬಿನೋಲಾದಲ್ಲಿ ಶಂಕುಸ್ಥಾಪನೆ. 2016ರಲ್ಲಿ ಕರಡು ಮಸೂದೆಯನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಇಡಲಾಯಿತು. ಅದು ಇನ್ನೂ ಕಾಯ್ದೆಯಾಗಿಲ್ಲ.