ಹನಿಗೆ ಒಗ್ಗುವ ಪಿಯಾನೊ, ಹಕ್ಕಿಗೆ ಒಗ್ಗದ ಪಿಯಾನೊ

ಮೊನ್ನೆ ರಾತ್ರಿ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಕೆಳಗೆ ಅರ್ಧ ತುಂಬಿದ ಬಕೆಟ್. ಟಿಣಕ್. ಸ್ವಲ್ಪ ಬಿಟ್ಟು ಮತ್ತೆ ಟಿಣಕ್. ನಿದ್ದೆ ಹಾಳಾಯಿತು, ಆದರೆ ಒಂದು ವಿಷಯ ಕಿವಿಗೆ ಬಿತ್ತು. ಪ್ರತಿ ಹನಿಯದ್ದೂ ಹೆಚ್ಚುಕಡಿಮೆ ಒಂದೇ ಸ್ವರ. ಎದ್ದು ಹೋಗಿ ಬಕೆಟ್ಟಿಗೆ ಪಾತ್ರೆ ತೊಳೆಯುವ ಸೋಪು ನಾಲ್ಕು ತೊಟ್ಟು ಹಾಕಿದೆ. ಹನಿ ಬೀಳುತ್ತಲೇ ಇತ್ತು, ಟಿಣಕ್ ನಿಂತುಹೋಯಿತು.

ಉಪಾಯ ನನ್ನದಲ್ಲ, 2018ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಹೇಳಿದ್ದು. ಆ ಸದ್ದು ಹನಿ ನೀರಿಗೆ ಬಡಿದದ್ದರಿಂದ ಬರುವುದಲ್ಲ. ಹನಿ ಬಿದ್ದ ಕಡೆ ನೀರಿನಲ್ಲಿ ಗುಳಿ ಬೀಳುತ್ತದೆ. ಗುಳಿ ಮುಚ್ಚಿಕೊಳ್ಳುವಾಗ ತಳದಲ್ಲಿ ಒಂದು ಪುಟ್ಟ ಗಾಳಿಗುಳ್ಳೆ ಸಿಕ್ಕಿಬೀಳುತ್ತದೆ. ಅದು ಹಿಗ್ಗುತ್ತ ಕುಗ್ಗುತ್ತ ಅದುರಿದಾಗ ಮೇಲಿನ ನೀರೂ ಅದುರುತ್ತದೆ. ನಮಗೆ ಕೇಳುವುದು ಅದು. ಸೋಪು ನೀರಿನ ಮೇಲ್ಮೈ ಬಿಗಿತವನ್ನು ಸಡಿಲಿಸುತ್ತದೆ, ಗುಳ್ಳೆ ಸರಿಯಾಗಿ ಕೂರುವುದಿಲ್ಲ.

ಗುಳ್ಳೆಗೂ ಸ್ವರಕ್ಕೂ ಇರುವ ಲೆಕ್ಕವನ್ನು 1933ರಲ್ಲೇ ಮಾರ್ಸೆಲ್ ಮಿನ್ನಾರ್ಟ್ ಕೊಟ್ಟಿದ್ದ. ವೃತ್ತಿಯಲ್ಲಿ ಖಗೋಳ ವಿಜ್ಞಾನಿ, ಕಿವಿ ಮಾತ್ರ ಹಳ್ಳದ ಕಡೆಗೆ! 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,260 ಸಲ ಅದುರುತ್ತದೆ. 1 ಸೆಂಟಿಮೀಟರ್‌ನದ್ದು 326 ಸಲ. ಅಂದರೆ ಹರಿಯುವ ತೊರೆ ಎಂದರೆ ಸಾವಿರಾರು ಪುಟ್ಟ ಗಂಟೆಗಳು. ಒಂದೊಂದಕ್ಕೂ ಒಮ್ಮೆ ಪೆಟ್ಟು ಬೀಳುತ್ತದೆ, ಸ್ವರ ಹುಟ್ಟುತ್ತದೆ, ತಕ್ಷಣ ಆರಿಹೋಗುತ್ತದೆ.

ಪಿಯಾನೊ ಮಾಡುವುದೂ ಇದನ್ನೇ ಅಲ್ವಾ? ಅದರ ಹೊಟ್ಟೆಯಲ್ಲಿ ಸುಮಾರು 230 ತಂತಿ. ಕೀ ಒತ್ತಿದರೆ ಫೆಲ್ಟ್ ಹೊದಿಸಿದ ಸುತ್ತಿಗೆಯೊಂದು ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಆಮೇಲೆ ಆ ಸ್ವರ ಆರುತ್ತ ಹೋಗುವುದಷ್ಟೇ, ಪಿಟೀಲಿನ ಹಾಗೆ ಎಳೆದು ಬೆಳೆಸಲು ಆಗುವುದಿಲ್ಲ. ಇದನ್ನು ವಾದ್ಯದ ಕೊರತೆ ಎನ್ನುವವರಿದ್ದಾರೆ. ನೀರಿನ ವಿಷಯಕ್ಕೆ ಬಂದರೆ ಇದೇ ಅದರ ಬಲ ಅನ್ನುವುದು ನನ್ನ ಅನಿಸಿಕೆ. ಬಲತುದಿಯ ಕೀಗಳ ಕಂಪನ 3,000 ದಾಟಿ 4,186ರವರೆಗೆ ಹೋಗುತ್ತದೆ, ಸರಿಯಾಗಿ ಮಿಲಿಮೀಟರ್ ಗುಳ್ಳೆಗಳ ಜಾಗ.

ಇದರ ಜೊತೆಗೆ ಬಲಗಾಲಿನ ಪೆಡಲ್. ಪಿಯಾನೊ ಸಿಕ್ಕರೆ ಹೀಗೆ ಮಾಡಿ ನೋಡಿ. ನಡುವಿನ ಒಂದು ಕೀಯನ್ನು ಸದ್ದಾಗದ ಹಾಗೆ ಮೆಲ್ಲಗೆ ಒತ್ತಿ ಹಿಡಿಯಿರಿ. ಅದೇ ಸ್ವರದ ಕೆಳಗಿನ ಸ್ಥಾಯಿಯ ಕೀಯನ್ನು ಒಮ್ಮೆ ಜೋರಾಗಿ ಬಾರಿಸಿ ಕೈ ತೆಗೆಯಿರಿ. ಬಾರಿಸದ ತಂತಿ ತಾನೇ ಗುಂಯ್ ಎನ್ನುತ್ತಿರುತ್ತದೆ, ಸಿತಾರಿನ ತರಬ್ ತಂತಿಯ ಹಾಗೆ. ಪೆಡಲ್ ತುಳಿದರೆ ಸದ್ದು ಅಡಗಿಸುವ ಫೆಲ್ಟ್ ತುಂಡುಗಳು ಮೇಲೆದ್ದು ಎಲ್ಲ ತಂತಿಗಳೂ ಹೀಗೆ ಬಿಡುಗಡೆಯಾಗಿ ಒಂದರೊಳಗೊಂದು ಬೆರೆಯುತ್ತವೆ. ಫ್ರಾನ್ಸಿನ ಸಂಗೀತಕಾರ ಮೊರೀಸ್ ರವೆಲ್ 1901ರಲ್ಲಿ ಬರೆದ ‘ಜ್ಯೂ ದೊ’ (ನೀರಾಟ) ಕೇಳಿ. ಬಲಗಡೆ ಬೆರಳುಗಳು ಹನಿ ಚೆಲ್ಲುತ್ತಿದ್ದರೆ ಪೆಡಲ್ ಅವನ್ನೆಲ್ಲ ಒದ್ದೆ ಮಾಡುತ್ತಿರುತ್ತದೆ. ಹಂಗೆರಿಯ ಸಂಗೀತಕಾರ ಲಿಸ್ಟ್ 1877ರಲ್ಲೇ ಇಟಲಿಯ ತಿವೊಲಿಯಲ್ಲಿರುವ ವಿಲ್ಲಾ ದೆಸ್ತೆಯ ಕಾರಂಜಿಗಳಿಗೆ ಈ ದಾರಿ ಹಾಕಿದ್ದ.

ನನ್ನ ಬಕೆಟ್ಟಿಗೆ ಹತ್ತಿರದವನು ಮಾತ್ರ ಪೋಲೆಂಡಿನ ಸಂಗೀತಕಾರ ಶೋಪಾನ್. 1838-39ರ ಚಳಿಗಾಲವನ್ನು ಆತ ಸ್ಪೇನಿನ ಮಯೋರ್ಕ ದ್ವೀಪದ ವಾಲ್ಡೆಮೊಸಾ ಮಠದಲ್ಲಿ ಕಳೆದ. ಜೊತೆಗಿದ್ದ ಲೇಖಕಿ ಜಾರ್ಜ್ ಸ್ಯಾಂಡ್ ಒಂದು ಮಳೆ ರಾತ್ರಿಯ ಕಥೆ ಬರೆದಿದ್ದಾಳೆ. ಛಾವಣಿಯ ಹನಿಯನ್ನೇ ಸಂಗೀತಕ್ಕೆ ತಂದಿದ್ದೀಯ ಎಂದದ್ದಕ್ಕೆ ಆತ ಸಿಟ್ಟಾದನಂತೆ. ಅದು ಯಾವ ಕೃತಿ ಎಂದು ಅವಳು ಹೇಳಿಲ್ಲ. ಜನ ಅವನ ಪ್ರೆಲ್ಯೂಡ್ ಎಂಬ ಪುಟ್ಟ ಪಿಯಾನೊ ಕೃತಿಗಳಲ್ಲಿ 15ನೆಯದಕ್ಕೆ ‘ಮಳೆಹನಿ’ ಎಂದು ಹೆಸರಿಟ್ಟರು. ಅದರಲ್ಲಿ ಒಂದೇ ಕಪ್ಪು ಕೀ ಬಹುಪಾಲು ಉದ್ದಕ್ಕೂ ತೊಟ್ಟಿಕ್ಕುತ್ತದೆ. ಸುತ್ತಲಿನ ಸ್ವರಗಳು ನಡುವೆ ಬದಲಾಗಿ, ಹಿತವಾಗಿದ್ದ ಆ ಹನಿಯೇ ಹೆದರಿಸಲು ಶುರುಮಾಡುತ್ತದೆ. ಕೀ ಅದೇ! ಸುರಿಯುವ ಮಳೆಗೆ ಒಂದು ಸ್ವರ ಇರುವುದಿಲ್ಲ, ಬರೀ ಭೋರ್ ಸದ್ದು. ಒಂದೇ ಎತ್ತರದಿಂದ ಒಂದೇ ಗಾತ್ರದಲ್ಲಿ ಬೀಳುವ ಹನಿಗೆ ಇರುತ್ತದೆ. ಶೋಪಾನ್ ಒಪ್ಪದಿದ್ದರೂ ಅವನ ಕಿವಿ ಸೋರುವ ಸೂರಿನದ್ದೇ.

ಹಕ್ಕಿಯ ವಿಷಯದಲ್ಲಿ ಪಿಯಾನೊ ಸೋಲುತ್ತದೆ. ಹಕ್ಕಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ, ಪಿಯಾನೊದಲ್ಲಿ ಗಮಕ ಬರುವುದಿಲ್ಲ. ಹಕ್ಕಿಯ ವೇಗವೂ ಜಾಸ್ತಿ, ಎಷ್ಟೋ ಸಲ ಕೊನೆಯ ಕೀಗಿಂತಲೂ ಮೇಲೆ ಹಾಡುತ್ತದೆ. ಫ್ರಾನ್ಸಿನ ಸಂಗೀತಕಾರ ಒಲಿವಿಯೆ ಮೆಸಿಯಾನ್ (1908-1992) ಇದು ಗೊತ್ತಿದ್ದೂ ಹಟ ಹಿಡಿದ. ನೋಟ್‌ಬುಕ್ ಹಿಡಿದು ಹೊಲ, ಕಾಡು, ಕೊಳಗಳ ಬಳಿ ಕೂತು ಹಕ್ಕಿಗಳ ಹಾಡು ಬರೆದುಕೊಂಡ. ಆಮೇಲೆ ಹಾಡಿನ ವೇಗ ಇಳಿಸಿದ, ಒಂದೆರಡು ಸ್ಥಾಯಿ ಕೆಳಕ್ಕೆ ತಂದ, ಕೀಗಳ ನಡುವೆ ಕಳೆದುಹೋಗುವ ಸಣ್ಣ ಅಂತರಗಳನ್ನು ಅದೇ ಅನುಪಾತದಲ್ಲಿ ಹಿಗ್ಗಿಸಿದ. ಹಕ್ಕಿಯ ದನಿಯ ಬಣ್ಣ ಬರಲೆಂದು ಒಂದೊಂದು ಸ್ವರಕ್ಕೂ ಇಡೀ ಸ್ವರಗುಚ್ಛ ಪೋಣಿಸಿದ. ಅಂದಹಾಗೆ, ಈ ಮನುಷ್ಯ ತನ್ನ ಲಯಗಳಿಗೆ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದ 120 ದೇಶೀ ತಾಳಗಳನ್ನೂ ಕಲಿತವನು.

ಯಾವುದಾದರೂ ಹಕ್ಕಿಯ ಧ್ವನಿಮುದ್ರಣವನ್ನು, ಸ್ವರವೂ ಇಳಿಯುವ ಹಾಗೆ, ಕಾಲುಭಾಗ ವೇಗದಲ್ಲಿ ಕೇಳಿ. ಸುಮ್ನೆ ಚಿಲಿಪಿಲಿ ಎಂದುಕೊಂಡದ್ದು ಬಿಚ್ಚಿಕೊಂಡು ಆಲಾಪವಾಗುತ್ತದೆ. ಮೆಸಿಯಾನ್ ಅದನ್ನು ಪೆನ್ಸಿಲ್ಲಿನಲ್ಲಿ ಮಾಡಿದ.

1956-58ರಲ್ಲಿ ಬರೆದ ಅವನ ‘ಹಕ್ಕಿಗಳ ಪಟ್ಟಿ’ಯಲ್ಲಿ 13 ಕೃತಿಗಳಿವೆ. ಅತಿ ಉದ್ದದ್ದು ಜೊಂಡಿನಲ್ಲಿ ಕೂತು ಹಾಡುವ ರೀಡ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಯದ್ದು. ಮಧ್ಯರಾತ್ರಿಯಿಂದ ಮರುದಿನ ರಾತ್ರಿ ಕಳೆದು ಬೆಳಗಿನ ಜಾವ ಮೂರರವರೆಗೆ, 27 ಗಂಟೆಗಳ ಕೊಳದ ಬದುಕು ಅರ್ಧ ಗಂಟೆಯಲ್ಲಿ. ಕಪ್ಪೆಗಳು ವಟಗುಟ್ಟುತ್ತವೆ. ಕೊಕ್ಕರೆ ಜಾತಿಯ ಬಿಟರ್ನ್ ಕತ್ತಲಲ್ಲಿ ಹೂಂಕರಿಸುತ್ತದೆ. ಅದರ ಕೂಗು ಸೆಕೆಂಡಿಗೆ 200 ಕಂಪನಕ್ಕೂ ಕೆಳಗೆ. ಅದನ್ನು ಇಳಿಸುವ ಕೆಲಸವೇ ಇಲ್ಲ, ಪಿಯಾನೊದ ಎಡಗಡೆಯಲ್ಲಿ ಬೇಕಾದಷ್ಟು ಜಾಗ ಇದೆ.