ಆನೆ ಹೋದ ಮೇಲೂ ಬಾರದ ನಿದ್ದೆ

ಆಲೂರು ತಾಲ್ಲೂಕಿನಲ್ಲಿರುವ ನನ್ನ ಚಿಕ್ಕಮ್ಮನ ಮನೆಯ ಹಿಂದೆ ದೊಡ್ಡ ಹಲಸಿನ ಮರವಿದೆ. ಹಣ್ಣಾಗುವ ಮೊದಲೇ ಕಾಯಿಗಳನ್ನೆಲ್ಲ ಇಳಿಸಿಬಿಡುತ್ತಾರೆ. ವಾಸನೆ ಹಿಡಿದು ಆನೆ ಅಂಗಳಕ್ಕೇ ಬರುತ್ತದೆ. ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿ ಉಳಿದಿದ್ದ ರಾತ್ರಿ ಅಡಿಕೆ ಹಾಳೆಯೊಂದು ಕಳಚಿ ಬಿತ್ತು. ನನಗೆ ಅರೆ ಎಚ್ಚರವಾಗುವಷ್ಟರಲ್ಲಿ ಚಿಕ್ಕಮ್ಮ ಟಾರ್ಚ್ ಹಿಡಿದು ಕಿಟಕಿಯ ಬಳಿ ನಿಂತಿದ್ದರು. ಹಿಂಡು ಬೇರೆ ಕಡೆ ಹೋಗಿ ಹದಿನೈದು ದಿನವಾಗಿತ್ತು. “ಭಯವೇನಿಲ್ಲ ಕಣಪ್ಪ, ನಿದ್ದೆ ಬರುವುದಿಲ್ಲ ಅಷ್ಟೆ” ಎಂದರು.

ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ, ಬೇಲೂರು ಭಾಗದಲ್ಲಿ ಈ ಮಾತು ಮನೆಮನೆಯದು. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. 2014ರ ಆಸುಪಾಸಿನಲ್ಲಿ ಇಲ್ಲಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಆನೆಗಳು ಬರುವುದು ನಿಲ್ಲಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರಿನ ಬಳಿ ಕಾಡಾನೆಯೊಡನೆ ಕಾದಾಡಿ ಅರ್ಜುನ ಸತ್ತ. ದಸರಾ ಅಂಬಾರಿ ಹೊತ್ತ ಆನೆಗೇ ಈ ಗತಿಯಾದರೆ ನಮ್ಮ ಪಾಡೇನು ಎಂದು ತೋಟದ ಲೈನ್ ಮನೆಗಳಲ್ಲಿ ತಿಂಗಳುಗಟ್ಟಲೆ ಮಾತಾಯಿತು. ಬೆಳೆಗೆ ಪರಿಹಾರವಿದೆ, ಜೀವ ಹೋದರೆ ಪರಿಹಾರವಿದೆ. ಕೆಟ್ಟ ನಿದ್ದೆಯ ಲೆಕ್ಕವನ್ನು ಯಾರೂ ಕೇಳಿಲ್ಲ. ಅದು ಮನಸ್ಸಿನ ಅಳ್ಳೆದೆ ಎಂದು ತಳ್ಳಿಹಾಕುವವರೇ ಹೆಚ್ಚು. ಹಾಗಲ್ಲ ಎಂದು ವಿಜ್ಞಾನ ನೂರು ವರ್ಷಗಳಿಂದ ಒಂದೊಂದಾಗಿ ತೋರಿಸುತ್ತ ಬಂದಿದೆ.

ಮೊದಮೊದಲು ವಿಜ್ಞಾನಿಗಳ ಕಣ್ಣಿದ್ದುದು ಕುತ್ತಿಗೆಯ ಕೆಳಗೆ. 1936ರಲ್ಲಿ ಹ್ಯಾನ್ಸ್ ಸೆಲ್ಯೆ, ಇಲಿಗಳಿಗೆ ಚಳಿ ಕೊಡಲಿ, ಗಾಯ ಮಾಡಲಿ, ದೇಹ ಒಂದೇ ರೀತಿ ಬಳಲುತ್ತದೆ ಎಂದು ಬರೆದರು: ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಊದಿಕೊಂಡಿತ್ತು, ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಮಿದುಳಿನ ಸರದಿ ಬಂದದ್ದು 1968ರಲ್ಲಿ. ಒತ್ತಡವಾದಾಗ ಅಡ್ರಿನಲ್ ಗ್ರಂಥಿ ಸುರಿಸುವ ಹಾರ್ಮೋನು ಇಲಿಯ ಮಿದುಳಿನಲ್ಲಿ, ಅದರಲ್ಲೂ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ, ಹೋಗಿ ನಿಲ್ಲುತ್ತದೆಂದು ಬ್ರೂಸ್ ಮೆಕ್ಯೂವನ್ ತಂಡ ಕಂಡುಕೊಂಡಿತು. ಅದನ್ನು ಹಿಡಿದುಕೊಳ್ಳುವ ಪ್ರೋಟೀನುಗಳೇ ಗ್ರಾಹಕಗಳು. ಇವು ಎರಡು ಬಗೆ ಎಂಬುದು 1985ರಲ್ಲಿ ಸ್ಪಷ್ಟವಾಯಿತು. ಒಂದು, ನೆಮ್ಮದಿಯ ದಿನಗಳಲ್ಲೂ ತುಂಬಿರುತ್ತದೆ. ಇನ್ನೊಂದು, ಹಾರ್ಮೋನು ಉಕ್ಕಿದಾಗ ಮಾತ್ರ ತುಂಬಿ ‘ಇನ್ನು ಸಾಕು’ ಎಂದು ಮಿದುಳಿಗೆ ತಿಳಿಸುತ್ತದೆ. ಒತ್ತಡ ಬಹುಕಾಲ ಮುಂದುವರಿದ ಇಲಿಗಳಲ್ಲಿ ಕಡಿಮೆಯಾಗುವುದು ಈ ಎರಡನೆಯದು.

ಎಚ್ಚರದ ಕಥೆ ಬೇರೆ ದಾರಿಯಲ್ಲಿ ಬಂತು. ಮಿದುಳಿನ ಕಾಂಡವನ್ನು ಪ್ರಚೋದಿಸಿದರೆ ಮಂಪರಿನಲ್ಲಿರುವ ಬೆಕ್ಕಿನ ಮಿದುಳಿನ ಅಲೆಗಳು ಎಚ್ಚರದ ಅಲೆಗಳಾಗಿ ಬದಲಾಗುತ್ತವೆ ಎಂದು ಮೊರುಟ್ಸಿ ಮತ್ತು ಮಗೂನ್ 1949ರಲ್ಲಿ ತೋರಿಸಿದರು. ಆ ಕಾಂಡದಲ್ಲೇ ಲೋಕಸ್ ಸೆರೂಲಿಯಸ್, ಅಂದರೆ ‘ನೀಲಿ ತಾಣ’ ಎಂಬ ಪುಟ್ಟ ಗುಂಪಿದೆ. ಮನುಷ್ಯರಲ್ಲಿ ಅದರ ನರಕೋಶಗಳು ಎಡಬಲ ಸೇರಿ ಹೆಚ್ಚೆಂದರೆ 50 ಸಾವಿರದಷ್ಟು. ಆದರೆ ಅವುಗಳ ಎಳೆಗಳು ಮಿದುಳಿನ ಬಹುಭಾಗಕ್ಕೆ ನಾರ್‌ಅಡ್ರಿನಲಿನ್ ಎಂಬ ಎಚ್ಚರದ ರಾಸಾಯನಿಕವನ್ನು ಹರಿಸುತ್ತವೆ. ನಿದ್ದೆಯಲ್ಲಿ ಇವು ಮಂದವಾಗುತ್ತವೆ, ಸದ್ದಿಗೆ ಸಿಡಿಯುತ್ತವೆ. ಒತ್ತಡದ ಹೊತ್ತಿನಲ್ಲಿ ಮಿದುಳು ಬಿಡುವ ಸಿಆರ್‌ಎಫ್ ಎಂಬ ರಾಸಾಯನಿಕ ಇವುಗಳ ಗ್ರಾಹಕಗಳ ಮೇಲೆ ಕುಳಿತು ಇವುಗಳನ್ನು ಇನ್ನಷ್ಟು ಚುರುಕುಗೊಳಿಸುತ್ತದೆ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 2010ರ ಒಂದು ಅಧ್ಯಯನ. ಒತ್ತಡವಾದ ಮೇಲೆ ಗಂಡು ಇಲಿಯ ನೀಲಿ ತಾಣದಲ್ಲಿ ಸಿಆರ್‌ಎಫ್ ಗ್ರಾಹಕಗಳು ಕೋಶದೊಳಕ್ಕೆ ಸರಿದು ಅಡಗುತ್ತವೆ, ಗದ್ದಲ ತಗ್ಗುತ್ತದೆ. ಹೆಣ್ಣಿನಲ್ಲಿ ಅವು ಹೊರಗೇ ಉಳಿಯುತ್ತವೆ. ಇಲಿಯ ಮಾತನ್ನು ಮನುಷ್ಯರಿಗೆ ಹಾಗೆಯೇ ಹೊಂದಿಸಲಾಗದು, ನಿಜ. ಆದರೂ ಆ ರಾತ್ರಿ ಚಿಕ್ಕಪ್ಪ ಗೊರಕೆ ಹೊಡೆಯುತ್ತಿದ್ದುದು ನನಗೆ ನೆನಪಾಯಿತು.

ಇನ್ನೊಂದು ಶೋಧ ನಮ್ಮ ರಾಜ್ಯದಲ್ಲೇ ಆಯಿತು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಮತ್ತು ನಿಮ್ಹಾನ್ಸ್ ಸಂಶೋಧಕರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಕಟ್ಟಿಹಾಕಿ ನೋಡಿದರು. ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದ್ದವು. ಭಯದ ಕೇಂದ್ರವಾದ ಅಮಿಗ್ಡಲದಲ್ಲಿ ಕವಲುಗಳು ಬೆಳೆದಿದ್ದವು. ಇದು ಪ್ರಕಟವಾದದ್ದು 2002ರಲ್ಲಿ. ಎರಡು ವರ್ಷದ ನಂತರ ಬಂದ ಮುಂದಿನ ಅಧ್ಯಯನ ಇನ್ನೂ ಮುಖ್ಯ. ಒತ್ತಡ ನಿಲ್ಲಿಸಿ 21 ದಿನ ಆರಾಮ ಕೊಟ್ಟರು. ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲ ಬೆಳೆದದ್ದು ಬೆಳೆದಂತೆಯೇ ಇತ್ತು. ಇಲಿಗಳ ಅಂಜಿಕೆಯೂ ಹಾಗೆಯೇ ಉಳಿದಿತ್ತು.

ಚಿಕ್ಕಮ್ಮನ ಹದಿನೈದು ದಿನವನ್ನು ನಾನು ಈಗ ಬೇರೆ ರೀತಿ ನೋಡುತ್ತೇನೆ. ಬಿ.ಪಿ. ಮಾತ್ರೆ ಬರೆದುಕೊಡುವ ವೈದ್ಯರು ‘ಆನೆ ಬಂದು ಎಷ್ಟು ದಿನವಾಯಿತು, ಅಂದಿನಿಂದ ಎಷ್ಟು ಹೊತ್ತು ಮಲಗಿದ್ದೀರಿ’ ಎಂದು ಕೇಳಬೇಕು ಎಂಬುದು ನನ್ನ ಬೇಡಿಕೆ.

ಆ ಬೆಳಗಿನ ಜಾವ ಮೂರೂವರೆಗೇ ಅವರು ಒಲೆ ಹಚ್ಚಿ ಕಾಫಿಗಿಟ್ಟರು. ನಿದ್ದೆ ತರಿಸುವ ಅಡೆನೋಸಿನ್‌ನ ಗ್ರಾಹಕಗಳನ್ನು ಕಾಫಿಯ ಕೆಫೀನ್ ಆಕ್ರಮಿಸಿಕೊಳ್ಳುತ್ತದೆಂದು ವಿವರಿಸಿ, ಸಂಜೆಯ ಕಾಫಿಯನ್ನಾದರೂ ಬಿಡಿ ಚಿಕ್ಕಮ್ಮ ಎಂದೆ. ಲೋಟ ನನ್ನ ಕೈಗಿಟ್ಟು, “ಬಿಟ್ಟರೆ ಕಾವಲಿಗೆ ಯಾರು ಕೂರುತ್ತಾರಪ್ಪ?” ಎಂದರು.