ಓದು ಬಂದವರು, ಸಹಿ ಬಾರದವರು: ಯಂತ್ರಯುಗಕ್ಕೆ ಮೊದಲಿನ ಇಂಗ್ಲೆಂಡಿನಲ್ಲಿ ಓದಿನ ಲೆಕ್ಕ

1642ರ ಆರಂಭದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಊರೂರಿನ ಚರ್ಚುಗಳಿಗೆ ಒಂದು ಪ್ರತಿಜ್ಞಾಪತ್ರ ಕಳಿಸಿತು. 18 ತುಂಬಿದ ಗಂಡಸರೆಲ್ಲ ಧರ್ಮಕ್ಕೂ ರಾಜನಿಗೂ ಪಾರ್ಲಿಮೆಂಟಿಗೂ ನಿಷ್ಠರಾಗಿರುವುದಾಗಿ ಆಣೆ ಮಾಡಬೇಕಿತ್ತು. ಕೆಲವು ಊರುಗಳಲ್ಲಿ ಒಬ್ಬರೇ ಕೂತು ಎಲ್ಲರ ಹೆಸರನ್ನೂ ಬರೆದು ಕಳಿಸಿದರು. ಉಳಿದ ಕಡೆ ಬಲ್ಲವರು ಸಹಿ ಹಾಕಿದರು, ಬಾರದವರು ಅಡ್ಡಗೆರೆ ಎಳೆದು ಗುರುತು ಮಾಡಿದರು. ಇತಿಹಾಸಕಾರ ಡೇವಿಡ್ ಕ್ರೆಸಿ ಈ ಎರಡನೇ ಬಗೆಯ ಪಟ್ಟಿಗಳನ್ನು ಎಣಿಸಿದಾಗ ಹಳ್ಳಿಗಾಡಿನ 100 ಗಂಡಸರಲ್ಲಿ ಸುಮಾರು 70 ಮಂದಿ ಬರೀ ಗುರುತು ಹಾಕಿದ್ದು ಕಂಡಿತು. ಬೇರೆ ದಾಖಲೆಗಳ ಪ್ರಕಾರ ಹೆಂಗಸರಲ್ಲಿ ಸಹಿ ಬಾರದವರು 100ಕ್ಕೆ 90ರ ಆಸುಪಾಸು.

ಇವರನ್ನೆಲ್ಲ ಹೆಬ್ಬೆಟ್ಟಿನವರೆಂದು ಬದಿಗಿಟ್ಟರೆ ಇನ್ನೊಂದು ಲೆಕ್ಕ ಕೂಡಿಬರುವುದಿಲ್ಲ. 1660ರ ದಶಕದಲ್ಲಿ ಸುಮಾರು 50 ಲಕ್ಷ ಜನರಿದ್ದ ಆ ದೇಶದಲ್ಲಿ ಅಲ್ಮನಾಕ್ ಎಂಬ ಪಂಚಾಂಗ ವರ್ಷಕ್ಕೆ ಸುಮಾರು 4 ಲಕ್ಷ ಪ್ರತಿ ಮಾರಾಟವಾಗುತ್ತಿತ್ತು. ಸರಾಸರಿ ಹೇಳುವುದಾದರೆ ಮೂರು ಮನೆಗೊಂದು. ಓದುವವರೇ ಇಲ್ಲದಿದ್ದರೆ ಇವನ್ನೆಲ್ಲ ಕೊಂಡವರು ಯಾರು?

ಉತ್ತರ ಅಂದಿನ ಪಾಠಕ್ರಮದಲ್ಲಿದೆ. ಆಗ ಓದು ಮತ್ತು ಬರೆಹ ಎರಡು ಬೇರೆ ವಿದ್ಯೆಗಳು. ಮೊದಲು ಓದು, ಅದು ಮುಗಿದ ಮೇಲೆ ಬರೆಹ. ಎಷ್ಟೋ ಕಡೆ ಕಲಿಸುವವರೂ ಬೇರೆ ಬೇರೆ. ನಾಲ್ಕೈದು ವರ್ಷದ ಮಗುವಿನ ಕೈಗೆ ಮೊದಲು ಬರುತ್ತಿದ್ದದ್ದು ಹಾರ್ನ್‌ಬುಕ್. ಪುಸ್ತಕ ಎಂದರೂ ಅದು ಹಿಡಿಯಿರುವ ಒಂದು ಸಣ್ಣ ಹಲಗೆ. ಅದರ ಮೇಲೆ ಅಚ್ಚಿನ ಒಂದು ಹಾಳೆ, ಹಾಳೆ ಕೊಳೆಯಾಗದಂತೆ ತೆಳ್ಳಗೆ ಸೀಳಿದ ಕೊಂಬಿನ ಪಾರದರ್ಶಕ ಹೊದಿಕೆ, ಸುತ್ತ ಹಿತ್ತಾಳೆಯ ಪಟ್ಟಿ. ಮೇಲುಗಡೆ ಶಿಲುಬೆಯ ಗುರುತು, ಆಮೇಲೆ ಅಕ್ಷರಮಾಲೆ, ಅದರ ಕೆಳಗೆ ಎಬಿ, ಇಬಿ, ಐಬಿ ಎಂದು ಸ್ವರ ವ್ಯಂಜನ ಕೂಡಿಸುವ ಕಾಗುಣಿತ, ಕೊನೆಗೆ ಕರ್ತನ ಪ್ರಾರ್ಥನೆ. ಪ್ರಾರ್ಥನೆ ಮಗುವಿಗೆ ಮೊದಲೇ ಬಾಯಿಪಾಠ ಆಗಿರುತ್ತಿತ್ತು. ಗೊತ್ತಿರುವ ಮಾತನ್ನು ಗೊತ್ತಿಲ್ಲದ ಅಕ್ಷರಗಳ ಮೇಲೆ ಬೆರಳಿಟ್ಟು ಹೊಂದಿಸಿಕೊಳ್ಳುವುದೇ ಕಲಿಕೆ. ಅದಾದ ಮೇಲೆ ಪ್ರೈಮರ್ ಎಂಬ ಆರಂಭದ ಓದುಪುಸ್ತಕ, ಕೀರ್ತನೆಗಳ ಪುಸ್ತಕ, ಬೈಬಲ್. ಇಷ್ಟಕ್ಕೂ ಬೇಕಾದದ್ದು ಓದು ಬಲ್ಲ ಒಬ್ಬ ಹೆಂಗಸು, ಅವಳ ಮನೆಯ ಒಂದು ಮೂಲೆ.

ಬರೆಹದ ಖರ್ಚೇ ಬೇರೆ. ಹೆಬ್ಬಾತಿನ ಗರಿ ಬೇಕು, ಅದನ್ನು ಹೆರೆಯಲು ಹರಿತವಾದ ಚಾಕು ಬೇಕು. ಮಾಚಿಕಾಯಿ, ಅನ್ನಭೇದಿ, ಗೋಂದು ಸೇರಿಸಿ ಮಸಿ ಮಾಡಿಕೊಳ್ಳಬೇಕು. ಗರಿಯ ಮೊನೆ ಸವೆದಾಗಲೆಲ್ಲ ಮತ್ತೆ ಕತ್ತರಿಸಬೇಕು. ಸೀಳು ಓರೆಯಾದರೆ ಮಸಿ ಸಮನಾಗಿ ಇಳಿಯದೆ ಚೆಲ್ಲುತ್ತದೆ. ಆದ್ದರಿಂದ ಬರೆಹ ಶುರುವಾಗುತ್ತಿದ್ದದ್ದು ಏಳೆಂಟು ವರ್ಷಕ್ಕೆ. ಬಡವರ ಮಕ್ಕಳು ಕಾಗೆ ಓಡಿಸಿ, ಕುರಿ ಕಾದು, ನೂಲು ತೆಗೆದು ಮನೆಗೆ ನಾಲ್ಕು ಕಾಸು ತರಲು ಆರಂಭಿಸುತ್ತಿದ್ದದ್ದೂ ಅದೇ ವಯಸ್ಸಿಗೆ. ಇತಿಹಾಸಕಾರ್ತಿ ಮಾರ್ಗರೆಟ್ ಸ್ಪಫರ್ಡ್ ಬೆರಳಿಟ್ಟು ತೋರಿಸಿದ್ದು ಇದನ್ನೇ: ಓದು ಕಲಿತು ಬರೆಹಕ್ಕೆ ಮೊದಲೇ ಶಾಲೆ ಬಿಟ್ಟವರೆಲ್ಲ ಸಹಿಯ ಪಟ್ಟಿಯಲ್ಲಿ ಅನಕ್ಷರಸ್ಥರಾಗಿ ಕಾಣುತ್ತಾರೆ. ಹುಡುಗಿಯರಿಗಂತೂ ಓದಿನ ನಂತರ ಕಲಿಸುತ್ತಿದ್ದದ್ದು ಹೊಲಿಗೆ, ಹೆಣಿಗೆ. ಹೆಂಗಸರ ಆ 90ರ ಲೆಕ್ಕವನ್ನು ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಅನುಮಾನದಿಂದ ನೋಡಬೇಕು.

ಗ್ಲಾಸ್ಟರ್‌ಶೈರಿನ ಥಾಮಸ್ ಟ್ರಯನ್ ಎಂಬ ಕುರಿ ಕಾಯುವ ಹುಡುಗನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 1634ರಲ್ಲಿ ಹುಟ್ಟಿದ ಅವನಿಗೆ 13 ತುಂಬುವವರೆಗೂ ಓದು ಬರುತ್ತಿರಲಿಲ್ಲ. ಒಂದು ಪ್ರೈಮರ್ ಕೊಂಡುಕೊಂಡು, ಜೊತೆಯ ಕುರುಬರಲ್ಲಿ ಒಮ್ಮೆ ಇವನ ಹತ್ತಿರ ಒಮ್ಮೆ ಅವನ ಹತ್ತಿರ ಅಕ್ಷರ ಕೂಡಿಸುವುದನ್ನು ಕೇಳಿ ಕಲಿತ. ಅವರೂ ತಡವರಿಸಿ ಓದುವವರೇ. ಆದರೆ ಬರೆಯಬೇಕು ಎನಿಸಿದಾಗ ಆ ಕುರುಬರಲ್ಲಿ ಒಬ್ಬನಿಗೂ ಅದು ಬಾರದು. ಕೊನೆಗೆ ಬಡಮಕ್ಕಳಿಗೆ ಪಾಠ ಹೇಳುತ್ತಿದ್ದ ಒಬ್ಬ ಕುಂಟ ಯುವಕನನ್ನು ಹಿಡಿದ. ತನ್ನದೆಂದು ಇದ್ದ ಎರಡು ಕುರಿಗಳಲ್ಲಿ ಒಂದನ್ನು ಕೊಟ್ಟು ಅಕ್ಷರ ತಿದ್ದುವುದನ್ನೂ ಕೂಡಿಸಿ ಬರೆಯುವುದನ್ನೂ ಕಲಿತ. ಓದು ಬಿಟ್ಟಿಯಾಗಿ ಸಿಕ್ಕಿತು, ಬರೆಹಕ್ಕೆ ಅರ್ಧ ಆಸ್ತಿ ಹೋಯಿತು.

ಇಂಥವರು ಓದುತ್ತಾರೆ ಎಂಬುದು ಆಳುವವರಿಗೆ ಗೊತ್ತಿತ್ತು. 1539ರಲ್ಲಿ ಇಂಗ್ಲಿಷಿನ ದೊಡ್ಡ ಬೈಬಲನ್ನು ಚರ್ಚುಗಳಲ್ಲಿ ಇಡಿಸಿದ ಎಂಟನೇ ಹೆನ್ರಿಯ ಸರಕಾರವೇ 1543ರಲ್ಲಿ ಕಾಯಿದೆ ಮಾಡಿ, ಕಸುಬುದಾರರು, ಅವರ ಕೈಕೆಳಗೆ ಕಲಿಯುವ ಹುಡುಗರು, ರೈತರು, ಕೂಲಿಗಳು ಮತ್ತು ಸಾಮಾನ್ಯ ಹೆಂಗಸರು ಅದನ್ನು ಓದಕೂಡದು ಎಂದಿತು. ಕುಲೀನ ಮನೆತನದ ಹೆಂಗಸರು ತಮ್ಮಷ್ಟಕ್ಕೆ ಓದಿಕೊಳ್ಳಬಹುದಿತ್ತು, ಬೇರೆಯವರಿಗೆ ಓದಿ ಹೇಳುವಂತಿರಲಿಲ್ಲ. ಓದಲಾರದವರಿಗೆ ಯಾರೂ ನಿಷೇಧ ಹೇರುವುದಿಲ್ಲ. ಸೇಂಟ್‌ಬರಿ ಗುಡ್ಡದ ಮೇಲೆ ಕುರಿ ಕಾಯುತ್ತಿದ್ದ ರಾಬರ್ಟ್ ವಿಲಿಯಮ್ಸ್ 1546ರಲ್ಲಿ ಬೇರೊಂದು ಪುಸ್ತಕ ಕೊಂಡು, ಕುರುಬರು ಟೆಸ್ಟಮೆಂಟ್ ಓದಬಾರದೆಂದು ಮಾಡಿದಾಗ ಇದನ್ನು ಕೊಂಡೆ, ದೇವರು ಈ ಕುರುಡುತನ ನೀಗಲಿ ಎಂದು ಅದರೊಳಗೆ ಬರೆದಿಟ್ಟ. ಹೆನ್ರಿ ಸತ್ತ 1547ರಲ್ಲೇ ಕಾಯಿದೆ ರದ್ದಾಯಿತು.

ಓದಿನಿಂದ ಕೊರಳೂ ಉಳಿಯುತ್ತಿತ್ತು. ಮೊದಲ ಸಲ ಗಲ್ಲಿನ ಅಪರಾಧ ಮಾಡಿದವನು, ಕೆಲವು ಘೋರ ಅಪರಾಧಗಳನ್ನು ಬಿಟ್ಟು, ಬೈಬಲಿನ ಒಂದು ಸಾಲನ್ನು, ಸಾಮಾನ್ಯವಾಗಿ 51ನೇ ಕೀರ್ತನೆಯ ಮೊದಲ ವಚನವನ್ನು, ಓದಿ ತೋರಿಸಿದರೆ ಹೆಬ್ಬೆರಳಿಗೆ ಬರೆ ಹಾಕಿ ಬಿಡುತ್ತಿದ್ದರು. ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ಒಬ್ಬ ನಟನನ್ನು ಕೊಂದು ಹೀಗೇ ಪಾರಾದ. ವಚನ ಯಾವುದೆಂದು ಎಲ್ಲರಿಗೂ ಗೊತ್ತಿದ್ದರಿಂದ ಉರುಹೊಡೆದು ಬರುವವರೂ ಇದ್ದರು. 1706ರಲ್ಲಿ ಈ ಓದಿನ ಪರೀಕ್ಷೆಯನ್ನೇ ಕೈಬಿಟ್ಟರು.

ಇನ್ನು ಓದಲು ಏನು ಸಿಗುತ್ತಿತ್ತು ಎಂಬ ಮಾತು. ಇದನ್ನು ತೀರ್ಮಾನಿಸುತ್ತಿದ್ದದ್ದು ಕಾಗದ. ಚಿಂದಿಬಟ್ಟೆ ಕೊಳೆಸಿ ಮಾಡಿದ ಬಿಳಿ ಕಾಗದ ಬಹುತೇಕ ಫ್ರಾನ್ಸಿನಿಂದ ಬರಬೇಕಿತ್ತು, ಅಚ್ಚಿನ ಖರ್ಚಿನಲ್ಲಿ ದೊಡ್ಡ ಪಾಲು ಅದಕ್ಕೇ. 1600ರ ಸುಮಾರಿಗೆ ದಕ್ಷಿಣ ಇಂಗ್ಲೆಂಡಿನ ಕೂಲಿಯಾಳಿನ ದಿನಗೂಲಿ 8 ಪೆನ್ನಿ, ನುರಿತ ಬಡಗಿಗೆ 12. ಷೇಕ್ಸ್‌ಪಿಯರನ ನಾಟಕಗಳ 1623ರ ಮೊದಲ ಸಂಪುಟ ರಟ್ಟಿಲ್ಲದೆ ಸುಮಾರು 15 ಶಿಲಿಂಗ್, ಅಂದರೆ 180 ಪೆನ್ನಿ. ಕೂಲಿಯವನು 22 ದಿನಕ್ಕೂ ಹೆಚ್ಚು ದುಡಿಯಬೇಕು. ಲಾವಣಿಯ ಹಾಳೆಗೆ ಒಂದೇ ಪೆನ್ನಿ.

ಪೆನ್ನಿಗೆ ಹೇಗೆ ಗಿಟ್ಟುತ್ತಿತ್ತು? ಲಾವಣಿಯನ್ನು ಹಾಳೆಯ ಒಂದೇ ಮಗ್ಗುಲಿಗೆ ಅಚ್ಚು ಹಾಕುತ್ತಿದ್ದರು. ಕೈಯಚ್ಚಿನ ಯಂತ್ರಕ್ಕೆ ಇಬ್ಬರು ಆಳು. ಒಬ್ಬ ತೊಗಲಿನ ಉಂಡೆಗಳಿಂದ ಅಚ್ಚುಮೊಳೆಗಳಿಗೆ ಅಗಸೆ ಎಣ್ಣೆ ಮತ್ತು ದೀಪದ ಕಾಡಿಗೆಯ ಶಾಯಿ ಹಚ್ಚುತ್ತಾನೆ, ಇನ್ನೊಬ್ಬ ಒದ್ದೆ ಮಾಡಿದ ಹಾಳೆಯಿಟ್ಟು ಸನ್ನೆ ಎಳೆಯುತ್ತಾನೆ. ಲೆಕ್ಕದ ಪ್ರಕಾರ ಗಂಟೆಗೆ 250 ಹಾಳೆ, ನಿಜದಲ್ಲಿ ಅದಕ್ಕಿಂತ ಕಡಿಮೆ. ಎರಡೂ ಮಗ್ಗುಲಿಗೆ ಹಾಕಬೇಕಾದರೆ ಹಾಳೆಯನ್ನು ತಿರುಗಿಸಿ ಮತ್ತೊಮ್ಮೆ ಒತ್ತಬೇಕು. ಹಾಳೆ ನಡುವೆ ಒಣಗಿ ಕುಗ್ಗಿದರೆ ಸಾಲುಗಳು ಒಂದರ ಬೆನ್ನಿಗೆ ಒಂದು ಕೂರುವುದಿಲ್ಲ. ಒಂದೇ ಮಗ್ಗುಲಾದರೆ ಆ ತಾಪತ್ರಯವಿಲ್ಲ, ಗೋಡೆಗೂ ಅಂಟಿಸಬಹುದು. ಹೆಂಡದಂಗಡಿಗಳ ಗೋಡೆಯ ಮೇಲೆ ಅವು ಇದ್ದೇ ಇರುತ್ತಿದ್ದವು.

ಚಿತ್ರಗಳು ಮರದಚ್ಚಿನವು. ಮರದ ಪಡಿಯಚ್ಚನ್ನು ಮೊಳೆಗಳಷ್ಟೇ ಎತ್ತರಕ್ಕೆ ಕೊರೆದರೆ ಎರಡನ್ನೂ ಒಟ್ಟಿಗೆ ಒತ್ತಬಹುದು. ತಾಮ್ರದ ಪಟದ ಚಿತ್ರಕ್ಕೆ ಬೇರೆಯೇ ಯಂತ್ರ ಬೇಕು. ಹುಳ ತಿಂದು, ಬಿರುಕು ಬಿಟ್ಟರೂ ಅದೇ ಪಡಿಯಚ್ಚು ದಶಕಗಟ್ಟಲೆ ದುಡಿಯುತ್ತಿತ್ತು. ಒಂದು ಹಾಡಿನಲ್ಲಿ ರಾಣಿಯಾದವಳು ಇನ್ನೊಂದರಲ್ಲಿ ಗಂಡನನ್ನು ಕೊಂದವಳು. ಸ್ವರಲಿಪಿ ಹಾಕುವುದು ಅಪರೂಪ, ಇಂಥ ಧಾಟಿಯಲ್ಲಿ ಎಂದು ಒಂದು ಸಾಲು ಮಾತ್ರ. ಗಲ್ಲಿಗೇರುವವರ ಹಾಡುಗಳಿಗೆ ‘ಫಾರ್ಚೂನ್ ಮೈ ಫೋ’ ಎಂಬ ಧಾಟಿ ಎಷ್ಟು ಬಳಕೆಯಾಯಿತೆಂದರೆ ಅದು ಕೇಳಿದರೇ ಜನ ನೇಣಿನ ಸುದ್ದಿ ಎಂದುಕೊಳ್ಳಬೇಕು. ಸಂತೆಯಲ್ಲಿ ಮಾರುವವನೇ ಹಾಡಿ ತೋರಿಸುತ್ತಿದ್ದ. ಕೇಳಿದವರಲ್ಲಿ ಒಬ್ಬ ಕೊಂಡು, ಓದು ಬಲ್ಲ ಇನ್ನೊಬ್ಬನಿಂದ ಓದಿಸಿಕೊಂಡು, ಹತ್ತು ಜನ ಕಲಿತರೆ ಕೊಂಡದ್ದು ಒಂದೇ ಹಾಳೆ.

ಅಕ್ಷರದ ಆಯ್ಕೆಯೂ ಓದುಗರನ್ನು ನೋಡಿಯೇ. ವಿದ್ವಾಂಸರ ಪುಸ್ತಕಗಳು 1600ರ ಹೊತ್ತಿಗೆ ಈಗಿನ ದುಂಡಗಿನ ರೋಮನ್ ಅಕ್ಷರಕ್ಕೆ ಬಂದಿದ್ದವು. ಹಾರ್ನ್‌ಬುಕ್ ಮಾತ್ರ ದಪ್ಪ ಮೊನಚಿನ ಬ್ಲ್ಯಾಕ್‌ಲೆಟರಿನಲ್ಲೇ ಉಳಿಯಿತು, ಅದರಲ್ಲಿ ಕಲಿತವರಿಗಾಗಿ ಲಾವಣಿಗಳು 17ನೇ ಶತಮಾನದ ಕೊನೆಯ ತನಕ ಅದನ್ನೇ ಬಳಸಿದವು. ಇವತ್ತಿನ ಕಣ್ಣಿಗೆ ಬ್ಲ್ಯಾಕ್‌ಲೆಟರ್ ಕಷ್ಟ. ಅಂದು ಅದೇ ಬಡವರ ಅಕ್ಷರ. ಅದನ್ನು ಸರಾಗವಾಗಿ ಓದುವವನಿಗೆ ಕೈಬರಹದ ಒಂದು ಪತ್ರ ಬಂದರೆ ಮತ್ತೊಬ್ಬರನ್ನು ಹುಡುಕಬೇಕಾಗುತ್ತಿತ್ತು.

ಲಾವಣಿಗಿಂತ ಒಂದು ಮೆಟ್ಟಿಲು ಮೇಲೆ ಚ್ಯಾಪ್‌ಬುಕ್. ಒಂದು ಹಾಳೆಯನ್ನು ಮೂರು ಸಲ ಮಡಚಿದರೆ 16 ಪುಟ, ಅರ್ಧ ಹಾಳೆ ಸೇರಿಸಿದರೆ 24. ಹಳೆಯ ವೀರಗಾಥೆಗಳನ್ನೂ ಈ 24 ಪುಟಕ್ಕೆ ಇಳಿಸಿಬಿಡುತ್ತಿದ್ದರು. ವರ್ಣನೆ ಹೋಗಿ ಹೊಡೆದಾಟ ಉಳಿಯುತ್ತಿತ್ತು. ಲಂಡನ್ ಸೇತುವೆಯ ಮೇಲೆ ಅಂಗಡಿಯಿದ್ದ ಪ್ರಕಾಶಕ ಚಾರ್ಲ್ಸ್ ಟಯಸ್ 1664ರಲ್ಲಿ ಸತ್ತಾಗ ಅವನ ದಾಸ್ತಾನಿನಲ್ಲಿ ಇಂಥ ಪುಸ್ತಿಕೆಗಳು ಸುಮಾರು 90 ಸಾವಿರ ಇದ್ದವು. ಇವನ್ನು ಹಳ್ಳಿಗೆ ಮುಟ್ಟಿಸುತ್ತಿದ್ದವರು ರಿಬ್ಬನ್, ಸೂಜಿ, ಬಟ್ಟೆಗಳ ಜೊತೆಗೆ ಬೆನ್ನಮೇಲೆ ಹೊತ್ತು ಊರೂರು ತಿರುಗುವ ಚ್ಯಾಪ್‌ಮನ್‌ಗಳು. 1697ರ ಕಾಯಿದೆ ಅವರ ಮೇಲೆ ವರ್ಷಕ್ಕೆ 4 ಪೌಂಡ್ ಪರವಾನಗಿ ಶುಲ್ಕ ಹೇರಿತು, ಕುದುರೆಯಿದ್ದರೆ ಇನ್ನೂ 4. ಆಗ ಸುಮಾರು 2,500 ಮಂದಿ ನೋಂದಾಯಿಸಿಕೊಂಡರು. ಶುಲ್ಕ ಕೊಡದೆ ತಿರುಗಿದವರು ಯಾವ ಪಟ್ಟಿಯಲ್ಲೂ ಇಲ್ಲ.

ಇಷ್ಟು ಮಾರಾಟವಾದರೂ ಉಳಿದದ್ದು ಚೂರುಪಾರು. ಓದಿ ಹಳೆಯದಾದ ಕಾಗದ ಕಡುಬಿನ ತಟ್ಟೆಗೆ, ಪೊಟ್ಟಣಕ್ಕೆ, ಶೌಚಕ್ಕೆ ಹೋಗುತ್ತಿತ್ತು. ನೌಕಾ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ಕೂಡಿಹಾಕಿದ ಸುಮಾರು 1,800 ಲಾವಣಿಗಳು ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜಿನಲ್ಲಿ ಐದು ಸಂಪುಟಗಳಾಗಿ ಇರುವುದರಿಂದ ನಮಗೆ ಇಷ್ಟಾದರೂ ಗೊತ್ತು. ಆದರೆ ಅದು ಲಂಡನ್ನಿನ ಒಬ್ಬ ಸಿರಿವಂತನ ಆಯ್ಕೆ ಎಂಬುದನ್ನು ಮರೆತು ಹಳ್ಳಿಯ ರುಚಿ ಹೀಗಿತ್ತು ಎಂದು ಬರೆಯುವವರು ಈಗಲೂ ಇದ್ದಾರೆ.

1754ರಿಂದ ಮದುವೆಯ ದಾಖಲೆ ಪುಸ್ತಕದಲ್ಲಿ ವಧೂವರರ ಸಹಿ ಕಡ್ಡಾಯವಾಯಿತು. ಆಗ ಸಹಿ ಬಲ್ಲ ಗಂಡಸರು 100ಕ್ಕೆ ಸುಮಾರು 60, ಹೆಂಗಸರು 40ರ ಹತ್ತಿರ. ಫ್ರಾನ್ಸಿನ ಕ್ರಾಂತಿಯ ಬಿಸಿ ತಾಗಿದ ಮೇಲೆ ಮೇಲ್ವರ್ಗಕ್ಕೆ ಹೊಸ ಚಿಂತೆ ಹತ್ತಿತು: ಬಡವರ ಓದನ್ನು ತಡೆಯುವ ಕಾಲ ಮುಗಿದಿತ್ತು, ಏನು ಓದುತ್ತಾರೆ ಎಂಬುದನ್ನಾದರೂ ಹಿಡಿತಕ್ಕೆ ತರಬೇಕು. 1795ರಲ್ಲಿ ಹಾನಾ ಮೋರ್ ಶುರುಮಾಡಿದ ನೀತಿಪುಸ್ತಿಕೆಗಳು ಚ್ಯಾಪ್‌ಬುಕ್ಕಿನ ಆಕಾರವನ್ನೂ ಮರದಚ್ಚಿನ ಚಿತ್ರವನ್ನೂ ಅರ್ಧ ಪೆನ್ನಿಯಿಂದ ಒಂದೂವರೆ ಪೆನ್ನಿಯ ಬೆಲೆಯನ್ನೂ ಹಾಗೇ ಎತ್ತಿಕೊಂಡವು. ಒಂದೇ ವರ್ಷದಲ್ಲಿ 20 ಲಕ್ಷ ಪ್ರತಿ ಹೋಯಿತು. ಜಮೀನುದಾರರೂ ಪಾದ್ರಿಗಳೂ ಹಂಚಲೆಂದು ಸಗಟಾಗಿ ಕೊಂಡದ್ದೂ ಅದರಲ್ಲಿ ಸೇರಿದೆ. ಬಡವರು ತಾವೇ ಕಾಸು ಬಿಚ್ಚಿ ಕೊಂಡದ್ದೆಷ್ಟು ಎಂಬುದು ಆ ಲೆಕ್ಕದಲ್ಲಿ ಕಾಣುವುದಿಲ್ಲ.